ಎರಡು ನೇಮದ ಮನೆ

ನಮ್ಮ ಮನೆಯಲ್ಲಿ ದೇವರ ಜಗಲಿ ಒಂದೇ ಇತ್ತು, ನೇಮ ಎರಡಿದ್ದವು. ವರ್ಷವಿಡೀ ಬೆಳಗಿನ ಲಿಂಗಪೂಜೆ ಒಂದು ನೇಮ. ಮೊಹರಮ್ಮಿನ ಹತ್ತು ದಿನದ ಫಕೀರಿ ಇನ್ನೊಂದು. ಎರಡನ್ನೂ ಹೊತ್ತವರು ನಮ್ಮ ಮುತ್ಯಾ. ಊರು ಬಾಗಲವಾಡ, ರಾಯಚೂರು ಜಿಲ್ಲೆಯ ಮಾನ್ವಿ ಸೀಮೆ. ಎರಿ ಹೊಲ, ಜೋಳ, ಹತ್ತಿ, ಬೇಸಿಗೆ ಬಂತೆಂದರೆ ಸವಳು ನೀರು. ಒಬ್ಬ ಮನುಷ್ಯ ಎರಡು ಧರ್ಮದ ಆಚರಣೆಯನ್ನು ಒಂದೇ ಬಾಳಿನಲ್ಲಿ ನಡೆಸಬಹುದೇ ಎಂಬುದು ಇಲ್ಲಿ ಹುಟ್ಟಿ ಬೆಳೆದ ನನಗೆ ಪ್ರಶ್ನೆಯಾಗಿ ಕಂಡಿರಲೇ ಇಲ್ಲ. ಅದು ಪ್ರಶ್ನೆಯಾದದ್ದು ಊರು ಬಿಟ್ಟ ಮೇಲೆ. ಮೊದಲು ಓದಲಿಕ್ಕೆ ಬೀದರಿಗೆ ಹೋದಾಗ, ಆಮೇಲೆ ಪುಣೆಯಲ್ಲಿ ಸಿಖ್ ನೇಮವನ್ನೂ ಯಹೂದಿ ನೇಮವನ್ನೂ ನಡೆಸುತ್ತಿದ್ದ ಒಬ್ಬ ಹಿರಿಯ ಹೆಣ್ಣುಮಗಳ ಮನೆಯಲ್ಲಿ ಬಾಡಿಗೆಗೆ ಇದ್ದಾಗ.

ಮುತ್ಯಾ ನಸುಕಿನಲ್ಲಿ ಎದ್ದು ಜಳಕ ಮಾಡಿ, ಹಣೆಗೆ ವಿಭೂತಿ ಧರಿಸಿ, ಎಡಗೈ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಕೂತರೆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ಪೂಜೆ ಮುಗಿಯುವತನಕ ಹನಿ ನೀರೂ ಬಾಯಿಗೆ ಹಾಕುತ್ತಿರಲಿಲ್ಲ. ಸುಗ್ಗಿ ಇರಲಿ, ಮದುವೆ ಇರಲಿ, ಸಾವಿನ ಮನೆಗೆ ಹೋಗಿಬಂದ ದಿನವಿರಲಿ, ಆ ಕ್ರಮ ತಪ್ಪಿದ್ದನ್ನು ನಾನು ಕಂಡಿಲ್ಲ. ಮನೆಗೆ ಜಂಗಮರು ಬಂದರೆ ಮೊದಲು ಅವರನ್ನು ಪ್ರಸಾದಕ್ಕೆ ಕೂರಿಸಿ, ತಾವು ಆಮೇಲೆ ಉಣ್ಣುತ್ತಿದ್ದರು.

ಮೊಹರಮ್ಮಿನ ಚಂದ್ರ ಕಂಡಿತೆಂದರೆ ಊರಿನ ನಡೆಯೇ ಬದಲಾಗುತ್ತಿತ್ತು. ಮಸೂತಿಯ ಮುಂದೆ ಅಲಾಯಿ ಕುಣಿಗೆ ಗುದ್ದಲಿ ಬೀಳುತ್ತಿತ್ತು. ಮುಜಾವರ ಕಾಕಾ ಪೆಟ್ಟಿಗೆಯಿಂದ ಪಂಜಾಗಳನ್ನು ತೆಗೆದು, ತೊಳೆದು, ಬಣ್ಣದ ಬಟ್ಟೆ ಕಟ್ಟಿ ಕೂರಿಸುತ್ತಿದ್ದರು. ಆ ದಿನದಿಂದ ಅವು ನಮ್ಮೂರಿನ ಬಾಯಲ್ಲಿ ಪೀರಲ ದೇವರು. ಹರಕೆ ಹೊತ್ತ ಮನೆಯವರು ಸಕ್ಕರೆ ಓದಿಸಿಕೊಂಡು ಬರುತ್ತಿದ್ದರು. ಮುತ್ಯಾ ಕೊರಳಿಗೆ ಕೆಂಪು ಲಾಡಿ ಹಾಕಿಸಿಕೊಂಡು ಫಕೀರರಾಗುತ್ತಿದ್ದರು. ಅಲ್ಲಿಂದ ಹತ್ತನೇ ದಿನದವರೆಗೂ ಕಾಲಿಗೆ ಚಪ್ಪಲಿ ಇಲ್ಲ, ಮಲಗಲು ಹೊರಸು ಇಲ್ಲ, ಯಾರ ಮೇಲೂ ದನಿ ಏರಿಸುವಂತಿಲ್ಲ. ನಲವತ್ತು ಎಕರೆ ಹೊಲದ ಯಜಮಾನ ಐದು ಮನೆ ಮುಂದೆ ನಿಂತು ಭಿಕ್ಷೆ ಬೇಡಬೇಕು. ಬೇಡುತ್ತಿದ್ದರು.

ಇದಕ್ಕೆ ಕಾರಣ ನಮ್ಮಪ್ಪ. ಅಪ್ಪ ಕೂಸಾಗಿದ್ದಾಗ ಜ್ವರ ಏರಿ, ಬದುಕುವ ಭರವಸೆ ಹೋದಾಗ ಮುತ್ಯಾ ಹಸೇನ್ ಹುಸೇನರಿಗೆ ಹರಕೆ ಹೊತ್ತಿದ್ದರು. ಕೂಸು ಉಳಿಯಿತು. ನಮ್ಮ ಸೀಮೆಯಲ್ಲಿ ಹಿಂದೂಗಳ ಮನೆಗಳಲ್ಲಿ ಹುಸೇನಪ್ಪ, ಫಕೀರಪ್ಪ, ಹುಸೇನಮ್ಮ ಎಂಬ ಹೆಸರುಗಳು ಧಾರಾಳವಾಗಿ ಸಿಗುತ್ತವೆ. ಅಂಥ ಬಹಳಷ್ಟು ಹೆಸರುಗಳ ಹಿಂದೆ ಒಂದು ಹರಕೆ ಇರುತ್ತದೆ, ಉಳಿದ ಒಂದು ಕೂಸಿರುತ್ತದೆ. ನಮ್ಮಪ್ಪನಿಗೂ ಅಂಥದೊಂದು ಹೆಸರು.

1989ರಲ್ಲಿ ಶ್ರಾವಣವೂ ಮೊಹರಮ್ಮೂ ಒಂದೇ ಅಮಾವಾಸ್ಯೆಯ ಬೆನ್ನಿಗೆ ಬಂದವು. ಮೊಹರಂ ಚಾಂದ್ರಮಾನದ್ದು, ಅಧಿಕ ಮಾಸದ ಲೆಕ್ಕವಿಲ್ಲದ್ದು. ಹಾಗಾಗಿ ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತಾ ಎಲ್ಲ ಕಾಲದಲ್ಲೂ ಸುತ್ತಿ ಬರುತ್ತದೆ. ಆ ವರ್ಷ ಒಂದೇ ವಾರದಲ್ಲಿ ನಾಗರ ಪಂಚಮಿಯ ಉಂಡಿ, ಜೋಕಾಲಿ. ರಾತ್ರಿ ಅಲಾಯಿ ಕುಣಿಯ ಸುತ್ತ ಹಲಗೆಯ ಸಪ್ಪಳ. ಶ್ರಾವಣ ಸೋಮವಾರದ ಒಪ್ಪತ್ತು ಫಕೀರಿಯ ನಡುವೆಯೇ ಬಂತು. ಅವ್ವನಿಗೆ ಒಲೆ ಮುಂದಿನಿಂದ ಏಳಲು ಬಿಡುವಿರಲಿಲ್ಲ. ಒಂದು ದಿನ ಅಳ್ಳಿನ ಉಂಡಿ ಕಟ್ಟಿದರೆ ಇನ್ನೊಂದು ದಿನ ಚೋಂಗೆ ಸುಡಬೇಕಿತ್ತು. ಮುತ್ಯಾ ಸೋಮವಾರ ಸಂಜೆವರೆಗೂ ಉಪವಾಸವಿದ್ದು, ಲಿಂಗಪೂಜೆ ಮುಗಿಸಿ ಒಂದು ಹೊತ್ತು ಉಂಡು, ಬರಿಗಾಲಲ್ಲಿ ಮಸೂತಿ ಕಡೆಗೆ ನಡೆದರು. ಆಗ ನಾನು ಕೇಳಿದೆ:

"ಮುತ್ಯಾ, ನಾವು ಲಿಂಗಾಯತರಲ್ಲೇನು? ನೀ ಫಕೀರ ಯಾಕಾಗತಿ?"

"ಹರಕಿ ಹೊತ್ತೀನಿ. ಹೊತ್ತ ಮ್ಯಾಲ ಅವರ ನೇಮದಾಗ ಇರಬೇಕು."

"ಮತ್ತ ನಮ್ಮ ನೇಮ?"

"ಅದೂ ಇರತೈತಿ. ಒಂದು ಮಾಡೀನಂತ ಇನ್ನೊಂದು ಬಿಡಾಕ ಬರತೈತೇನು?"

ಆ ಮಾತಿನ ತೂಕ ಆಗ ಗೊತ್ತಾಗಲಿಲ್ಲ. ಗೊತ್ತಾದದ್ದು, ಅವರು ಎಲ್ಲೆಲ್ಲಿ ತಡೆದು ನಿಲ್ಲುತ್ತಿದ್ದರೆಂಬುದನ್ನು ನೆನಪು ಮಾಡಿಕೊಂಡಾಗ. ಮುಜಾವರ ಕಾಕಾ ಊದಿನ ಬೂದಿ ಕೊಟ್ಟರೆ ಮುತ್ಯಾ ಅದನ್ನು ಕೊರಳಿಗೆ ಹಚ್ಚಿಕೊಳ್ಳುತ್ತಿದ್ದರು. ವಿಭೂತಿಯ ಹಣೆಗೆ ಹಚ್ಚುತ್ತಿರಲಿಲ್ಲ. ಪಂಜಾ ಹಿಡಿಯಲು ಅವರನ್ನು ಕರೆದವರಿದ್ದರು. "ಅದು ಮುಜಾವರರ ಮನಿತನದ ಸೇವಾ" ಎಂದು ಹಿಂದೆ ಸರಿಯುತ್ತಿದ್ದರು. ಮಸೂತಿಯಲ್ಲಿ ಫಾತೆಹಾ ಓದುವಾಗ ತಲೆ ಮೇಲೆ ವಸ್ತ್ರ ಹಾಕಿಕೊಂಡು ಸುಮ್ಮನೆ ನಿಲ್ಲುತ್ತಿದ್ದರು. ತಮಗೆ ಬಾರದ ಮಾತನ್ನು ಬಾಯಲ್ಲಿ ಆಡಿದಂತೆ ನಟಿಸುತ್ತಿರಲಿಲ್ಲ. ಹಾಗೆಯೇ ಮುಜಾವರ ಕಾಕಾ ನಮ್ಮ ಮನೆಗೆ ಬಸವ ಜಯಂತಿಗೆ ಬಂದರೆ ಜಗಲಿಯ ಮುಂದೆ ಕೈಮುಗಿದು ನಿಂತು, ಉಂಡು ಹೋಗುತ್ತಿದ್ದರು. ಮುತ್ಯಾ ಅವರ ಹಣೆಗೆ ವಿಭೂತಿ ಹಚ್ಚಲು ಹೋಗಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ಅಣ್ಣ ತಮ್ಮ ಎಂದೇ ಕರೆದುಕೊಂಡರು, ಕೊನೆವರೆಗೂ.

ಮೊಹರಮ್ಮಿನ ಕತ್ತಲ ರಾತ್ರಿ ಊರಿಗೆ ಊರೇ ಎಚ್ಚರವಿರುತ್ತಿತ್ತು. ಹೆಜ್ಜೆ ಮೇಳದವರು ಕುಣಿಯ ಸುತ್ತ ರಿವಾಯತ್ ಪದ ಹೇಳುತ್ತಿದ್ದರು. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರು ಯಜೀದನಿಗೆ ತಲೆಬಾಗದೆ, ನೀರಿಲ್ಲದೆ, ತನ್ನವರೊಂದಿಗೆ ಮಡಿದ ಕಥೆ ನಮ್ಮೂರಿನ ಕನ್ನಡದಲ್ಲಿ ಹರಿಯುತ್ತಿತ್ತು. ಶಿಶುನಾಳ ಷರೀಫರೂ ಇಂಥ ರಿವಾಯತ್ ಪದ ಕಟ್ಟಿದವರೇ. ಗೋವಿಂದ ಭಟ್ಟರ ಶಿಷ್ಯರಾಗಿದ್ದ ಅವರಿಗೆ ಅದು ಅಡ್ಡಿಯಾಗಲಿಲ್ಲ. ನೀರಿಗಾಗಿ ಒದ್ದಾಡಿದ ಕೂಸಿನ ಕಥೆ ಬಂದಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಬರಗಾಲದ ಸೀಮೆಯವರಿಗೆ ಆ ಕಥೆ ದೂರದ್ದಾಗಿರಲಿಲ್ಲ. ಹತ್ತನೇ ದಿನ ಸಂಜೆ ದಫನ್ ಆದ ಮೇಲೆ ಮುತ್ಯಾ ಲಾಡಿ ಬಿಚ್ಚಿ ಕೊಟ್ಟು, ಮನೆಗೆ ಬಂದು ಜಳಕ ಮಾಡಿ, ಮತ್ತೆ ಲಿಂಗದ ಮುಂದೆ ಕೂರುತ್ತಿದ್ದರು.

ನಮ್ಮ ಮನೆ ಒಂದೇ ಹೀಗಿತ್ತೆಂದು ಯಾರೂ ತಿಳಿಯಬಾರದು. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಒಬ್ಬನೇ ಸಂತ ಹಿಂದೂಗಳಿಗೆ ಮೌನೇಶ್ವರ, ಮುಸ್ಲಿಮರಿಗೆ ಮೌನುದ್ದೀನ್. ದೇವದುರ್ಗದ ಕಡೆಯಿಂದ ನಮ್ಮವರು ಹೊಳೆ ದಾಟಿ ಅಲ್ಲಿಗೆ ಹೋಗುತ್ತಾರೆ. ಮುಸ್ಲಿಮರ ಒಂದೂ ಮನೆ ಇಲ್ಲದ ಹಳ್ಳಿಗಳಲ್ಲಿ ಕೂಡ ಪೀರಲ ದೇವರು ಕೂರುತ್ತವೆ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ನೋಡಲು ನಾಡಿನ ಮೂಲೆಮೂಲೆಯಿಂದ ಜನ ಬರುತ್ತಾರೆ. ರಹಮತ್ ತರೀಕೆರೆಯವರು ಇದೆಲ್ಲವನ್ನು ಊರೂರು ತಿರುಗಿ ಬರೆದಿಟ್ಟಿದ್ದಾರೆ. ಇದೇ ಮಾನ್ವಿಯಲ್ಲಿ ಹದಿನೆಂಟನೇ ಶತಮಾನದಲ್ಲಿ ಜಗನ್ನಾಥದಾಸರು ಹರಿಕಥಾಮೃತಸಾರ ಬರೆದರು. ಅವರಿಗಿಂತ ಹಿಂದಿನ ವಿಜಯದಾಸರು ಹತ್ತಿರದ ಚೀಕಲಪರವಿಯವರು. ದಾಸರದು ಮಧ್ವಮತದ ಕಟ್ಟುನಿಟ್ಟಿನ ದಾರಿ. ಬೆರೆಯುವ ಭಕ್ತಿಯೂ ಬೆರೆಯದ ಭಕ್ತಿಯೂ ಈ ನೆಲದಲ್ಲಿ ಅಕ್ಕಪಕ್ಕ ಬಾಳಿವೆ. ಒಂದು ಇನ್ನೊಂದನ್ನು ಸುಳ್ಳೆನ್ನುವ ಅಗತ್ಯ ಬೀಳಲಿಲ್ಲ.

ಮುಂದೆ ಓದಲು ಬೀದರಿಗೆ ಹೋದೆ. ಸಿಖ್ಖರನ್ನು ಹತ್ತಿರದಿಂದ ಕಂಡದ್ದು ಅಲ್ಲಿಯೇ, ಗುರುನಾನಕ್ ಝೀರಾದಲ್ಲಿ. ಹದಿನಾರನೇ ಶತಮಾನದ ಮೊದಲ ಭಾಗದಲ್ಲಿ ಗುರು ನಾನಕರು ದಕ್ಷಿಣದ ಯಾತ್ರೆಯಲ್ಲಿ ಬೀದರಿಗೆ ಬಂದರೆಂದೂ, ಆಗ ಅಲ್ಲಿ ಕುಡಿಯಲು ಸಿಹಿನೀರು ಇರಲಿಲ್ಲವೆಂದೂ, ಜನ ಬೇಡಿಕೊಂಡಾಗ ಗುರುಗಳು ಕಾಲಿನಿಂದ ಒಂದು ಕಲ್ಲು ಸರಿಸಿದ ಕಡೆ ಸಿಹಿನೀರಿನ ಬುಗ್ಗೆ ಎದ್ದಿತೆಂದೂ ಪರಂಪರೆ ಹೇಳುತ್ತದೆ. ಅವರನ್ನು ಅಲ್ಲಿ ಬರಮಾಡಿಕೊಂಡವರು ಮುಸ್ಲಿಂ ಫಕೀರರು. ಆ ಝರಿ ಈಗಲೂ ಹರಿಯುತ್ತಿದೆ. ಸವಳು ನೀರು ಕುಡಿದು ಬೆಳೆದ ನನಗೆ ಇದಕ್ಕಿಂತ ದೊಡ್ಡ ಪವಾಡ ಬೇಕಿರಲಿಲ್ಲ. ಬೊಗಸೆಯಲ್ಲಿ ನೀರು ಹಿಡಿದಾಗ ಊರಿನ ಬಾವಿಯೂ ಕರ್ಬಲಾದ ಪದವೂ ಒಟ್ಟಿಗೆ ನೆನಪಾದವು.

ಅಲ್ಲಿ ತಲೆಗೆ ವಸ್ತ್ರ ಕಟ್ಟಿಕೊಳ್ಳಬೇಕು, ಕಾಲು ತೊಳೆಯಬೇಕು, ಲಂಗರಿನಲ್ಲಿ ಎಲ್ಲರ ಜೊತೆ ನೆಲದ ಮೇಲೆ ಸಾಲಾಗಿ ಕೂತು ಉಣ್ಣಬೇಕು. ದುಡಿದು ಉಣ್ಣು, ನಾಮ ನೆನೆ, ಹಂಚಿ ತಿನ್ನು ಎಂಬುದು ನಾನಕರ ಬೋಧೆಯ ತಿರುಳು. ಕಾಯಕ ದಾಸೋಹದ ಮಾತು ಕೇಳಿ ಬೆಳೆದವನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರು ಬೀದರಿನ ಕ್ಷೌರಿಕ ಮನೆತನದ ಸಾಹಿಬ್ ಚಂದ್. ಐವರಲ್ಲಿ ಇನ್ನುಳಿದವರು ಲಾಹೋರ್, ಹಸ್ತಿನಾಪುರ, ಪುರಿ, ದ್ವಾರಕೆಯ ಕಡೆಯವರು. ಹಡಪದ ಅಪ್ಪಣ್ಣನ ಕಲ್ಯಾಣ ಇರುವ ಜಿಲ್ಲೆಯಿಂದಲೇ ಖಾಲ್ಸಾದ ಮೊದಲ ಐವರಲ್ಲಿ ಒಬ್ಬರು ಎದ್ದುಬಂದದ್ದು ನನಗೆ ಇಂದಿಗೂ ಹೆಮ್ಮೆಯ ಸಂಗತಿ.

ಗುರುದ್ವಾರದಲ್ಲಿ ಹಿರಿಯರೊಬ್ಬರು ಗುರು ಗ್ರಂಥ ಸಾಹಿಬದ ಬಗ್ಗೆ ತಿಳಿಸಿಕೊಟ್ಟರು. 1604ರಲ್ಲಿ ಗುರು ಅರ್ಜನರು ಕೂಡಿಸಿದ ಗ್ರಂಥ. 1708ರಲ್ಲಿ ನಾಂದೇಡಿನಲ್ಲಿ ಗುರು ಗೋವಿಂದ ಸಿಂಗರು ಅದಕ್ಕೇ ಗುರುಸ್ಥಾನ ಕೊಟ್ಟರು. ಇಂದು ಅಚ್ಚಾಗಿರುವುದು 1430 ಪುಟ. ಅದರಲ್ಲಿ ಸಿಖ್ ಗುರುಗಳ ವಾಣಿಯ ಜೊತೆಗೆ ಸೂಫಿ ಶೇಖ್ ಫರೀದರ, ನೇಕಾರ ಕಬೀರರ, ಚಮ್ಮಾರ ರವಿದಾಸರ, ಪಂಢರಪುರದ ವಿಠ್ಠಲನ ಭಕ್ತ ನಾಮದೇವರ ವಾಣಿ ಇದೆ. ರಾತ್ರಿ ಗ್ರಂಥವನ್ನು ವಸ್ತ್ರದಲ್ಲಿ ಸುತ್ತಿ ವಿಶ್ರಾಂತಿಗೆ ಒಯ್ಯುವುದನ್ನು ನೋಡಿದೆ. ಇಷ್ಟೊಂದು ದಾರಿಯವರ ಮಾತನ್ನು ಒಳಗೆ ಇಟ್ಟುಕೊಂಡ ಈ ಧರ್ಮದ ನಿಯಮ ಮಾತ್ರ ಸಡಿಲವಲ್ಲ. 1945ರಲ್ಲಿ ಶಿರೋಮಣಿ ಗುರುದ್ವಾರ ಪ್ರಬಂಧಕ ಸಮಿತಿ ಒಪ್ಪಿದ ಸಿಖ್ ರೆಹತ್ ಮರ್ಯಾದಾ, ಬೇರೆ ಧರ್ಮಕ್ಕೆ ನಿಷ್ಠನಾಗದವನೇ ಸಿಖ್ಖನೆಂದು ಹೇಳುತ್ತದೆ. ಬಾಗಿಲು ಎಲ್ಲರಿಗೂ ತೆರೆದಿದೆ. ಒಳಗಿನವನಾಗಲು ಮಾತು ಕೊಡಬೇಕು.

ಓದು ಮುಗಿಸಿ ಕೆಲಸಕ್ಕೆಂದು ಪುಣೆಗೆ ಹೋದೆ. ರಾಯಚೂರು ಸೀಮೆಯವರಿಗೆ ಪುಣೆ ಹೊಸದಲ್ಲ. ಬರ ಬಿದ್ದಾಗಲೆಲ್ಲ ಗುಳೆ ಹೋಗುವ ಊರುಗಳಲ್ಲಿ ಅದೂ ಒಂದು. ನನಗೆ ಸಿಕ್ಕ ಬಾಡಿಗೆ ಕೋಣೆಯ ಯಜಮಾನಿಯ ತಾಯಿ ಬೆನೆ ಇಸ್ರೇಲ್ ಯಹೂದಿ, ತಂದೆ ಸಿಖ್. ನಾನು ಅವರನ್ನು ಮಾವಶಿ ಎನ್ನುತ್ತಿದ್ದೆ. ಕೊಂಕಣದ ಕರಾವಳಿಯಲ್ಲಿ ಶತಮಾನಗಳ ಕಾಲ ಎಣ್ಣೆ ಗಾಣ ನಡೆಸಿದ ಬೆನೆ ಇಸ್ರೇಲರನ್ನು ಅಲ್ಲಿಯ ಜನ ಶನಿವಾರದ ತೇಲಿಗಳೆಂದು ಕರೆಯುತ್ತಿದ್ದರು. ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ಊರು, ಭಾಷೆ, ಉಡುಪು ಎಲ್ಲ ಮರಾಠಿಯಾದರೂ ಶನಿವಾರದ ಬಿಡುವನ್ನು ಅವರು ಬಿಡಲಿಲ್ಲ. ನೇಮವೊಂದು ಒಂದು ಜನಾಂಗವನ್ನು ಹೇಗೆ ಕಾಯುತ್ತದೆ ಎಂಬುದಕ್ಕೆ ನಾನು ಬಲ್ಲ ಅತ್ಯಂತ ಗಟ್ಟಿ ಸಾಕ್ಷಿ ಇದು.

ಶುಕ್ರವಾರ ಹೊತ್ತು ಮುಳುಗುವ ಮೊದಲೇ ಮಾವಶಿ ಅಡಿಗೆ ಮುಗಿಸಿ, ಎರಡು ದೀಪ ಹಚ್ಚಿ, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಕಪ್ಪು ಒಣದ್ರಾಕ್ಷಿ ನೆನೆಸಿ ಮಾಡಿದ ಶರಬತ್ತಿನ ಮೇಲೆ ಆಶೀರ್ವಾದದ ಮಾತು ಹೇಳಿ ಎಲ್ಲರಿಗೂ ಒಂದು ಗುಟುಕು ಕೊಡುತ್ತಿದ್ದರು. ಬೆನೆ ಇಸ್ರೇಲರ ಮನೆಗಳಲ್ಲಿ ದ್ರಾಕ್ಷಾರಸದ ಜಾಗದಲ್ಲಿ ಬಳಕೆಯಾಗುವುದು ಇದೇ. ಶನಿವಾರ ಸಂಜೆ ನಕ್ಷತ್ರ ಮೂಡುವವರೆಗೂ ಒಲೆ ಹಚ್ಚುತ್ತಿರಲಿಲ್ಲ. ದಿನವೂ ನಸುಕಿನಲ್ಲೆದ್ದು ತಲೆಗೆ ದುಪಟ್ಟಾ ಹೊದ್ದು ಜಪುಜೀ ಸಾಹಿಬ್ ಓದುವುದು ತಂದೆಯಿಂದ ಬಂದ ರೂಢಿ. ಅದನ್ನು ಶನಿವಾರವೂ ಬಿಡುತ್ತಿರಲಿಲ್ಲ. ಭಾನುವಾರ ಗುರುದ್ವಾರದ ಲಂಗರಿನಲ್ಲಿ ರೊಟ್ಟಿ ಬೇಯಿಸುವ ಸೇವೆ. ಯಹೂದಿ ಹಬ್ಬಕ್ಕೆ ರಾಸ್ತಾ ಪೇಠದ ಪ್ರಾರ್ಥನಾ ಮಂದಿರ. ಒಮ್ಮೆ ನನ್ನನ್ನು ಲಾಲ್ ದೇವಳಕ್ಕೂ ಕರೆದೊಯ್ದರು. ಡೇವಿಡ್ ಸಸೂನ್ ಕಟ್ಟಿಸಿದ, 1867ರಲ್ಲಿ ಮುಗಿದ ಆ ಕೆಂಪು ಇಟ್ಟಿಗೆಯ ಕಟ್ಟಡದೊಳಗೆ ತೋರಾದ ಸುರುಳಿಗಳ ಬಗ್ಗೆ ಹೇಳಿದರು. ತೊಗಲ ಹಾಳೆಯ ಮೇಲೆ ಕೈಯಲ್ಲೇ ಬರೆಯಬೇಕು, ವಸ್ತ್ರ ತೊಡಿಸಿ ಇಡಬೇಕು, ಓದುವಾಗ ಬೆರಳು ತಾಗಿಸದೆ ಸಣ್ಣ ಕಡ್ಡಿಯಿಂದ ಸಾಲು ತೋರಿಸಬೇಕು, ಹಳತಾದರೆ ಎಸೆಯದೆ ಮಣ್ಣು ಮಾಡಬೇಕು. ಗ್ರಂಥವನ್ನು ಗುರುವೆಂದು ಕಾಣುವ ತಂದೆಯ ಮನೆ, ಗ್ರಂಥಕ್ಕೆ ಮನುಷ್ಯನಿಗೆ ಕೊಡುವ ಮರ್ಯಾದೆ ಕೊಡುವ ತಾಯಿಯ ಮನೆ. ಎರಡೂ ಕಡೆ ದೇವರು ಒಬ್ಬನೇ, ಅವನಿಗೆ ಆಕಾರವಿಲ್ಲ, ಮೂರ್ತಿಯಿಲ್ಲ. ಅವರ ಬಾಳಿನಲ್ಲಿ ಎರಡೂ ಒಟ್ಟಿಗೆ ನಿಂತದ್ದು ಈ ನೆಲೆಯ ಮೇಲೆ.

ಮಾವಶಿ ಹರಕೆ ತೀರಿಸಿದ ದಿನವೊಂದು ಚೆನ್ನಾಗಿ ನೆನಪಿದೆ. ಬೆನೆ ಇಸ್ರೇಲರು ಕೆಲಸ ಕೈಗೂಡಿದಾಗ, ಮದುವೆಯಂಥ ಶುಭಕಾರ್ಯದಲ್ಲಿ, ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಮಲೀದಾ ಮಾಡುತ್ತಾರೆ. ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಮೇಲೆ ಹಣ್ಣುಗಳು. ತಟ್ಟೆ ನೋಡಿದೊಡನೆ ನನಗೆ ಊರು ನೆನಪಾಯಿತು. ನಮ್ಮಲ್ಲೂ ಪೀರಲ ದೇವರಿಗೆ ಮಲೀದ ಒಯ್ಯುತ್ತಾರೆ. ಚಪಾತಿ ಮುರಿದು ಬೆಲ್ಲ ತುಪ್ಪ ಹಾಕಿ ಕಲಸಿದ್ದು. ಪಾಕ ಬೇರೆ, ಹರಕೆಯ ಕಾರಣ ಒಂದೇ. ಉಳಿದ ಕೂಸು, ಗುಣವಾದ ಕಾಯಿಲೆ. ಮೊಹರಮ್ಮಿನ ಹತ್ತನೇ ದಿನಕ್ಕೂ ಯಹೂದಿಗಳಿಗೂ ಒಂದು ನಂಟಿದೆ ಎಂದು ಆಮೇಲೆ ಓದಿದೆ. ಫರೋನನಿಂದ ಮೋಶೆಯ ಜನ ಪಾರಾದದ್ದರ ನೆನಪಿಗೆ ಮದೀನಾದ ಯಹೂದಿಗಳು ಉಪವಾಸವಿದ್ದುದನ್ನು ಕಂಡು ಪ್ರವಾದಿ ಮುಹಮ್ಮದರೂ ಆ ದಿನ ಉಪವಾಸ ಇರಲು ಹೇಳಿದರೆಂದು ಹದೀಸುಗಳಲ್ಲಿದೆ. ನಮ್ಮ ಮುತ್ಯಾನ ಹತ್ತನೇ ದಿನಕ್ಕೆ ಕರ್ಬಲಾಕ್ಕಿಂತ ಹಿಂದಿನ ಬೇರೂ ಇತ್ತು.

"ಎರಡು ದೋಣಿ ಮೇಲೆ ಕಾಲಿಟ್ಟರೆ ಮುಳುಗುತ್ತಾರೆ" ಎಂದು ಮಾವಶಿಗೆ ಎರಡೂ ಕಡೆಯ ನೆಂಟರು ಹೇಳಿದ್ದರಂತೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಯಹೂದಿ ಶಾಸ್ತ್ರದ ಪ್ರಕಾರ ಯಹೂದಿ ತಾಯಿಗೆ ಹುಟ್ಟಿದವರು ಯಹೂದಿಯೇ. ಅವರು ಬೇರೆ ಧರ್ಮ ಹಿಡಿಯುವುದನ್ನು ಆ ಸಮಾಜ ಒಪ್ಪುವುದಿಲ್ಲ. ಸಿಖ್ ಮರ್ಯಾದೆಯೂ ಎರಡು ನಿಷ್ಠೆ ಒಪ್ಪುವುದಿಲ್ಲ. ಗಂಡುಮಗುವಿಗೆ ಎಂಟನೇ ದಿನ ಸುನ್ನತಿ ಮಾಡಬೇಕೆನ್ನುವುದು ಒಂದು ಕಡೆ, ದೇವರು ಕೊಟ್ಟ ಕೂದಲನ್ನೂ ಕತ್ತರಿಸಬಾರದೆನ್ನುವುದು ಇನ್ನೊಂದು ಕಡೆ. ಈ ತೊಡಕುಗಳನ್ನು ಅವರು ಮುಚ್ಚಿಡುತ್ತಿರಲಿಲ್ಲ. ಖಾಲ್ಸಾದ ಅಮೃತ ದೀಕ್ಷೆಯನ್ನು ಯಾಕೆ ತೆಗೆದುಕೊಂಡಿಲ್ಲವೆಂದು ಕೇಳಿದಾಗ ಅವರು ಹೇಳಿದ್ದು ಇಷ್ಟು: ಅಮೃತ ಕುಡಿಯುವುದೆಂದರೆ ಪೂರ್ತಿ ಮಾತು ಕೊಡುವುದು, ತಾಯಿಯ ದೀಪ ಹಚ್ಚುವ ಕೈಯಿಂದ ಆ ಮಾತು ಕೊಟ್ಟರೆ ಅದು ಸುಳ್ಳಾಗುತ್ತದೆ. ಗುರುದ್ವಾರದಲ್ಲಿ ರೊಟ್ಟಿ ಬೇಯಿಸಲು ಯಾವ ಅಡ್ಡಿಯೂ ಇಲ್ಲ, ಗುರುವಿನ ವಾಣಿ ಓದಲು ಯಾವ ಅಡ್ಡಿಯೂ ಇಲ್ಲ, ಅಲ್ಲಿಗೆ ನಿಲ್ಲುತ್ತೇನೆ ಎಂದರು. ತಮ್ಮನ್ನು ಸಿಖ್ಖಳೆಂದು ಅವರು ಎಲ್ಲೂ ಹೇಳಿಕೊಳ್ಳಲಿಲ್ಲ. ತಂದೆಯ ಗುರುವನ್ನು ನಂಬಿದ ಯಹೂದಿ ಹೆಣ್ಣುಮಗಳು ಎನ್ನುತ್ತಿದ್ದರು.

ಅಂದೇ ನನಗೆ ಮುತ್ಯಾ ಪೂರ್ತಿ ಅರ್ಥವಾದರು. ಊದನ್ನು ಕೊರಳಿಗೆ ಹಚ್ಚಿ ಹಣೆಗೆ ಹಚ್ಚದವರು, ಲಾಡಿ ಹಾಕಿಕೊಂಡು ಪಂಜಾ ಹಿಡಿಯದವರು, ಫಾತೆಹಾದ ಹೊತ್ತಿಗೆ ತಲೆಬಾಗಿ ಬಾಯಿ ಮುಚ್ಚಿ ನಿಂತವರು. ಎರಡು ದಾರಿಯನ್ನು ಒಂದೇ ಬಾಳಿನಲ್ಲಿ ನಡೆಸುವವರಿಗೆ ಬೇಕಾದದ್ದು ಧಾರಾಳತನಕ್ಕಿಂತ ಹೆಚ್ಚಾಗಿ ಕಟ್ಟುನಿಟ್ಟು. ಹೊತ್ತ ನೇಮವನ್ನು ಪೂರ್ತಿ ನಡೆಸಬೇಕು. ಹೊರದ ನೇಮವನ್ನು ತನ್ನದೆಂದು ಹೇಳಿಕೊಳ್ಳಬಾರದು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಬೇಕು. ಎಲ್ಲ ಧರ್ಮವೂ ಒಂದೇ ಎಂದು ವೇದಿಕೆಯ ಮೇಲೆ ಹೇಳುವುದು ಸುಲಭ. ಶುಕ್ರವಾರ ಹೊತ್ತು ಮುಳುಗುವ ಮೊದಲು ಅಡಿಗೆ ಮುಗಿಸುವುದು, ಉಪವಾಸದ ದಿನ ಬರಿಗಾಲಲ್ಲಿ ಬಿಸಿಲಿಗೆ ನಡೆಯುವುದು ಕಷ್ಟ. ಆ ಕಷ್ಟ ಪಟ್ಟವರು ಇನ್ನೊಬ್ಬರ ದೇವರನ್ನು ಹಗುರವಾಗಿ ಕಾಣಲಾರರು. ಒಂದು ನೇಮದ ಭಾರ ಬಲ್ಲವನಿಗೆ ಇನ್ನೊಂದು ನೇಮದ ಭಾರವೂ ತಿಳಿಯುತ್ತದೆ. ಹಾಗೆಂದು ಒಂದೇ ದಾರಿಯಲ್ಲಿ ನಡೆಯುವವರ ನಿಷ್ಠೆ ಕಡಿಮೆಯದೆಂದು ನಾನು ಹೇಳುವುದಿಲ್ಲ. ತಮ್ಮ ಧರ್ಮದ ಗಡಿ ಎಲ್ಲಿದೆಯೆಂದು ಹೇಳುವ ಹಕ್ಕು ಸಿಖ್ಖರಿಗೂ ಇದೆ, ಯಹೂದಿಗಳಿಗೂ ಇದೆ. ಆ ಗಡಿಯನ್ನು ಗೌರವಿಸಿಕೊಂಡೇ ಮಾವಶಿ ಬಾಳಿದರು.

ಮುತ್ಯಾ ಹೋದ ಮೇಲೆ ಹರಕೆ ಅಪ್ಪನಿಗೆ ಬಂತು, ಈಗ ನನಗೆ ಬಂದಿದೆ. ಬೆಳಗಿನ ಲಿಂಗಪೂಜೆ ನಡೆಯುತ್ತದೆ. ಮೊಹರಮ್ಮಿಗೆ ಊರಿಗೆ ಹೋಗಿ ಲಾಡಿ ಹಾಕಿಸಿಕೊಳ್ಳುತ್ತೇನೆ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಸೀಮೆಯ ಹುಡುಗರು ಕೇಳುವುದುಂಟು: ಇದು ನಮ್ಮ ಧರ್ಮದ ಹಬ್ಬವೇನು, ನಾವ್ಯಾಕೆ ಮಾಡಬೇಕು ಎಂದು. ಆ ಕಡೆಯ ಹುಡುಗರೂ ಕೇಳುತ್ತಾರೆ: ಕುಣಿತ, ಹರಕೆ, ಮಲೀದ ಇದೆಲ್ಲ ಧರ್ಮದಲ್ಲಿ ಇದೆಯೇನು ಎಂದು. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ, ಕೇಳಲಿ. ಉತ್ತರವನ್ನು ಮೊಬೈಲಿನಲ್ಲಿ ಹುಡುಕುವ ಮೊದಲು ಮನೆಯ ಹಿರಿಯರ ಹತ್ತಿರ ಕೂತು ಕೇಳಲಿ ಎಂಬುದಷ್ಟೇ ನನ್ನ ಬೇಡಿಕೆ. ಈ ಹರಕೆಯನ್ನು ಯಾರು ಹೊತ್ತರು, ಯಾವ ಕೂಸಿಗಾಗಿ ಹೊತ್ತರು, ಅದರ ನೇಮ ಏನು, ಅವರು ಎಲ್ಲಿ ತಡೆದು ನಿಲ್ಲುತ್ತಿದ್ದರು ಎಂದು ತಿಳಿದುಕೊಳ್ಳಲಿ. ತಿಳಿದ ಮೇಲೂ ಬಿಡಬೇಕೆನಿಸಿದರೆ ಬಿಡಲಿ, ಅದು ಅವರವರ ಮನಸ್ಸು. ತಿಳಿಯದೆ ಮಾತ್ರ ಬಿಡಬಾರದು. ಹಿರಿಯರು ಕೊಟ್ಟ ಮಾತನ್ನು ಮುರಿಯುವ ಮೊದಲು, ಅವರು ಏನು ಮಾತು ಕೊಟ್ಟಿದ್ದರೆಂಬುದನ್ನಾದರೂ ಕೇಳಿಕೊಳ್ಳಬೇಕು.